ಮೊದಲು ಖಾಲಿ ಗಾಡಿ ತೂಗಬೇಕು

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ನಡೆದ, ನಾವೆಲ್ಲ ಅಕ್ಕ ಎಂದು ಕರೆಯುವ ಸಹೋದ್ಯೋಗಿಯ ಬೀಳ್ಕೊಡುಗೆಯಲ್ಲಿ ಐದು ಜನ ಮಾತಾಡಿದರು. ಐದೂ ಜನ ಒಂದೇ ಕಥೆ ಹೇಳಿದರು. ಕಬ್ಬು ಕಟಾವಿನ ಸರದಿ ಪಟ್ಟಿ ಬಿಡುವ ದಿನ ವೆಬ್‌ಸೈಟು ಕೈಕೊಟ್ಟಿತ್ತಂತೆ. ಅಕ್ಕ ಬಂದು ಕುರ್ಚಿ ಎಳೆದುಕೊಂಡು ಒಂದೇ ಒಂದು ಸಾಲು ಬದಲಾಯಿಸಿದರಂತೆ. ಸೈಟು ಕುದುರೆಯ ಹಾಗೆ ಓಡಿತಂತೆ. ಪ್ರತಿಸಲವೂ ಚಪ್ಪಾಳೆ. ಐದನೆಯವರು ಹೇಳುವ ಹೊತ್ತಿಗೆ ಕುದುರೆಗೆ ರೆಕ್ಕೆಯೂ ಬಂದಿತ್ತು.

ನನಗೆ ಮೂರು ಆಕ್ಷೇಪಗಳಿವೆ. ಅಕ್ಕ ಆ ಸಾಲನ್ನು ಬದಲಾಯಿಸಲಿಲ್ಲ, ಅಳಿಸಿದರು. ಅಳಿಸಿದ ಮೇಲೆ ಸೈಟು ಓಡಲಿಲ್ಲ, ನಿಧಾನವಾಯಿತು. ಮೂರನೆಯದನ್ನು ಹೇಳುವುದಕ್ಕೆ ಸ್ವಲ್ಪ ಸಂಕೋಚ: ಆ ಸಾಲು ಬರೆದವಳು ನಾನು.

ಇದನ್ನು ಅಲ್ಲೇ ಎದ್ದು ಹೇಳಲು ಹೊರಟೆ. ನಮ್ಮ ಮಾಲೀಕರು ಗಡಿಯಾರ ನೋಡಿ, "ಊಟ ಆರೋಗ್ತದೆ, ನಿನ್ ವಾದ ಆಮೇಲೆ" ಅಂದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ನಿಮಿಷವಾದರೂ ಕೊಡುತ್ತಿದ್ದರು. ಇಲ್ಲಿ ಗಂಟೆಯನ್ನೇ ಮೊದಲು ಬಾರಿಸಿದರು. ಹಾಗಾಗಿ ಬರೆಯುತ್ತಿದ್ದೇನೆ.

ಅಕ್ಕನ ಹೆಸರು ಬರೆಯುವುದಿಲ್ಲ. ಬರೆದರೆ ಮಳವಳ್ಳಿ ಕಡೆಯ ರೈತರೇ "ಯಾರವ್ವ ಅದು?" ಎಂದು ಕೇಳಿಯಾರು. ಅವರಿಗೆಲ್ಲ ಈಕೆ ತೂಕದಕ್ಕ. ತಂದೆ ಸಕ್ಕರೆ ಕಾರ್ಖಾನೆಯೊಂದರ ತೂಕದ ಮನೆಯಲ್ಲಿ ಗುಮಾಸ್ತರಾಗಿದ್ದರು; ಅವರು ತೀರಿಕೊಂಡ ಮೇಲೆ ಅದೇ ಸ್ಟೂಲಿನ ಮೇಲೆ ಮಗಳು ಕೂತರು. ಕಬ್ಬು ತುಂಬಿದ ಟ್ರಾಕ್ಟರು ಹಲಗೆ ಹತ್ತುತ್ತದೆ, ತೂಕ ಬರೆದುಕೊಳ್ಳಬೇಕು. ಕಬ್ಬು ಇಳಿಸಿ ಖಾಲಿ ಗಾಡಿ ವಾಪಸು ಬರುತ್ತದೆ, ಮತ್ತೆ ಬರೆದುಕೊಳ್ಳಬೇಕು. ಕಳೆದರೆ ಉಳಿದದ್ದು ಕಬ್ಬು. ಇಪ್ಪತ್ತು ವರ್ಷ ಇದೇ ಕೆಲಸ. ಆಮೇಲೆ ತೂಕದ ಮನೆಗೆ ಕಂಪ್ಯೂಟರು ಬಂತು. ಕೂರಿಸಿದವರು ಹೋದ ವಾರಕ್ಕೇ ಅದು ಕೆಟ್ಟು ನಿಂತಿತು. ರಿಪೇರಿಯವರು ಬರುವ ತನಕ ಗಾಡಿಗಳ ಸಾಲು ರಸ್ತೆಗೆ ಮುಟ್ಟಿದ್ದು ನೋಡಲಾರದೆ ಅಕ್ಕ ಪುಸ್ತಕ ತೆಗೆದು ಓದತೊಡಗಿದರು. ಒಂದು ವರ್ಷದಲ್ಲಿ ತೂಕದ ಚೀಟಿಯ ಪ್ರೋಗ್ರಾಮನ್ನು ತಾವೇ ಹೊಸದಾಗಿ ಬರೆದರು. ಕಾರ್ಖಾನೆಯ ಕಂಪ್ಯೂಟರ್ ಕೆಲಸ ಹಿಡಿದಿದ್ದ ನಮ್ಮ ಮಾಲೀಕರು ಅದನ್ನು ನೋಡಿ, ಮಂಡ್ಯದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿದ್ದ ನಮ್ಮ ಆರು ಜನರ ಆಫೀಸಿಗೆ ಅಕ್ಕನನ್ನು ಕರೆತಂದರು.

ನಾನು ಸೇರಿದಾಗ ನನ್ನ ಬಳಿ ಒಂದು ಡಿಗ್ರಿ ಮತ್ತು ಚರ್ಚೆಯಲ್ಲಿ ಗೆದ್ದ ಹನ್ನೊಂದು ಶೀಲ್ಡುಗಳಿದ್ದವು. ಮೊದಲ ದಿನವೇ ಅಕ್ಕ ಕೇಳಿದರು:

"ಯಾವೂರಮ್ಮಿ?"

"ಮದ್ದೂರು ಹತ್ತಿರ ಶಿವಪುರ."

"ಸಿವಪುರವಾ? ಸರಿ ಬುಡು. ಬಾವುಟ ಆರಿಸ್ಬ್ಯಾಡಿ ಅಂದ ಸರ್ಕಾರದ ಮಾತೇ ಕೇಳ್ನಿಲ್ಲ ನಿಮ್ಮೋರು, ನನ್ ಮಾತ್ ಕೇಳೀಯಾ!"

ಕೇಳಲಿಲ್ಲ, ನಿಜ. ತೂಕದ ಮನೆಯಿಂದ ಬಂದವರು ನನಗೇನು ಹೇಳಿಕೊಟ್ಟಾರು ಎಂಬ ಗತ್ತು ನನಗಿತ್ತು. ಅದಕ್ಕೆ ಸರಿಯಾಗಿ ಅಕ್ಕ ಯಾವ ಪ್ರಶ್ನೆಗೂ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಅಂಗೈಯನ್ನು ಮೇಜಿನ ಮೇಲೆ ಊರಿ ಸುಮ್ಮನಾಗುತ್ತಿದ್ದರು. ಗಾಡಿ ಹಲಗೆ ಹತ್ತಿದಾಗ ಮುಳ್ಳು ಅತ್ತಿತ್ತ ಆಡುತ್ತದಲ್ಲ, ಅದು ನಿಲ್ಲಲಿ ಎಂದು ಕಾಯುವ ಅಭ್ಯಾಸ. ನಾನು ಅವಸರ ಮಾಡಿದರೆ, "ಮುಳ್ಳು ನಿಲ್ಲಲಿ ತಡಿಯಮ್ಮಿ" ಅನ್ನುತ್ತಿದ್ದರು. ಎದುರಾಳಿ ಉಸಿರು ತೆಗೆಯುವುದರೊಳಗೆ ಉತ್ತರ ಕೊಡುವುದನ್ನು ಕಲಿತಿದ್ದ ನನಗೆ ಇದು ದಡ್ಡತನದಂತೆ ಕಂಡಿತು.

ಇನ್ನು ಆ ವೆಬ್‌ಸೈಟಿನ ವಿಷಯ. ಕಬ್ಬು ಬೆಳೆದವರು ತಮಗೆ ಇಷ್ಟ ಬಂದ ದಿನ ಕಡಿಯುವಂತಿಲ್ಲ. ಯಾರ ಹೊಲ ಯಾವ ದಿನ ಎಂದು ಕಾರ್ಖಾನೆ ಸರದಿ ಗೊತ್ತುಮಾಡುತ್ತದೆ. ಮೊದಲು ಆ ಪಟ್ಟಿಯನ್ನು ಕಾರ್ಖಾನೆಯ ಗೋಡೆಗೆ ಅಂಟಿಸುತ್ತಿದ್ದರು, ಊರೂರಿಗೆ ಸುದ್ದಿ ಮುಟ್ಟಿಸುತ್ತಿದ್ದವರು ಫೀಲ್ಡ್‌ಮನ್‌ಗಳು. ಫೀಲ್ಡ್‌ಮನ್ ಜೊತೆ ಚೆನ್ನಾಗಿದ್ದವರ ಹೊಲ ಪಟ್ಟಿಯಲ್ಲಿ ಮೇಲಕ್ಕೇರುತ್ತಿತ್ತು, ಇಲ್ಲದವರದು ಕೆಳಕ್ಕಿಳಿಯುತ್ತಿತ್ತು. ಅದಕ್ಕೇ ನಾವು ಸೈಟು ಮಾಡಿದ್ದು. ಬೆಳೆಗಾರರ ನಂಬರು ಒತ್ತಿದರೆ ಅವರವರ ದಿನ ಅವರವರ ಫೋನಿನಲ್ಲಿ ಕಾಣಬೇಕು, ನಡುವೆ ಯಾರೂ ಇರಬಾರದು.

ಮೊದಲ ಸಲ ಪಟ್ಟಿ ಬಿಟ್ಟ ದಿನ ಎಲ್ಲರೂ ಹತ್ತು ಗಂಟೆಗೇ ಒತ್ತಿದರು. ಸೈಟು ಹತ್ತೂ ಐದಕ್ಕೆ ಬಿತ್ತು, ಸಂಜೆಯ ತನಕ ಏಳಲಿಲ್ಲ. ಕಾರ್ಖಾನೆಯ ಕಬ್ಬಿನ ಅಧಿಕಾರಿ ನಮ್ಮ ಮಾಲೀಕರನ್ನು ಕರೆಸಿ ಹೇಳಿದರಂತೆ: "ಮುಂದಿನ ಹಂಗಾಮಿನ ಮೊದಲ ಪಟ್ಟಿಗೂ ಹಿಂಗೇ ಆದ್ರೆ ಗೋಡೆನೇ ವಾಸಿ. ಗೋಡೆ ಯಾವತ್ತೂ ಹ್ಯಾಂಗ್ ಆಗಿಲ್ಲ."

ನಮಗಿದ್ದದ್ದು ಹತ್ತು ವಾರ. ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡರು.

"ನಡಿ, ಬೆಳಕವಾಡಿಗೆ ಓಗ್ಬರವ."

"ಯಾಕಕ್ಕ? ಇಲ್ಲಿಂದಲೇ ಅಳೀಬಹುದು. ಸಾವಿರ ಜನ ಒಟ್ಟಿಗೆ ಬಂದ ಹಾಗೆ ನಟಿಸೋ ಸಾಫ್ಟ್‌ವೇರೇ ಇದೆ."

"ನಟ್ಸಕೆ ನಾಟ್ಕವಾ ಇದು? ನಡಿ."

ಮಂಡ್ಯದಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಶಿವನಸಮುದ್ರದ ರಸ್ತೆಯಲ್ಲಿ ಇನ್ನೊಂದು. ಬೆಳಕವಾಡಿಯ ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬ ಹೆಂಗಸು ಲೋಟ ಹಿಡಿದು ಕೂತಿದ್ದರು. ಅಕ್ಕನಿಗೆ ಹಳೆಯ ಪರಿಚಯ, ಹೆಸರು ಚಿಕ್ಕತಾಯಮ್ಮ. ಒಂದೆಕರೆ ಕಬ್ಬು, ಒಬ್ಬರೇ ಬೇಸಾಯ. ಪ್ರತಿವರ್ಷ ಅವರ ಸರದಿ ಕೊನೆಗೇ. ಕಬ್ಬಿನ ತುದಿಯಲ್ಲಿ ಸೂಲಂಗಿ ಹೂ ಬಿಟ್ಟು, ಒಳಗೆಲ್ಲ ಬೆಂಡಾಗುವ ತನಕ ಕಾರ್ಖಾನೆ ಅವರ ಕಡೆ ತಿರುಗಿ ನೋಡುತ್ತಿರಲಿಲ್ಲ.

"ಪೀಲ್ಡ್‌ಮನ್‌ಗೆ ಒಂದು ಟೀ ಕುಡ್ಸಿ ನೋಡ್ಬೇಕಿತ್ತು" ಅಂದರು ಅಕ್ಕ, ಛೇಡಿಸುತ್ತ.

"ಕುಡ್ಸವ ಅಂತ ತರ್ಸ್ತೀನಿ ಕಣಕ್ಕ. ಅವ್ನು ಬರಗಂಟ ಆರೋಯ್ತದೆ, ನಾನೇ ಕುಡ್ದ್ಬುಡ್ತೀನಿ."

ಅಕ್ಕ ಅವರ ಫೋನು ಇಸಿದುಕೊಂಡರು. ಗಾಜು ಜೇಡರಬಲೆಯಂತೆ ಒಡೆದಿತ್ತು. ಸೈಟಿಗೆ ಹೋಗಿ, ನಂಬರು ಒತ್ತಿ, ಗಟ್ಟಿಯಾಗಿ ಎಣಿಸತೊಡಗಿದರು: "ಲಾಭ... ಎರಡು... ಮೂರು..." ಭತ್ತ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆ. ಸೆಕೆಂಡುಗಳನ್ನು ಕೊಳಗದ ಲೆಕ್ಕದಲ್ಲಿ ಅಳೆಯುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹತ್ತೊಂಬತ್ತಕ್ಕೆ ಪುಟ ತೆರೆಯಿತು.

"ಅಷ್ಟೊತ್ಗೆ ಒಂದ್ ಪಲ್ಲ ಭತ್ತ ಅಳ್ದಾಕ್ಬೋದಿತ್ತು" ಅಂದರು ಚಿಕ್ಕತಾಯಮ್ಮ. ಪುಟದಲ್ಲಿ ಹೋದ ಹಂಗಾಮಿನ ಅವರ ಕಟಾವಿನ ದಿನವಿತ್ತು. ಅವರು ಬೆರಳಿಟ್ಟು ಅದನ್ನೇ ಓದಿದರು. ಮೇಲಿದ್ದ ಹೆಸರನ್ನು ನೋಡಲಿಲ್ಲ. "ಅಕ್ಸರ ಬರಾಕಿಲ್ಲ ಕಣವ್ವ ನಂಗೆ, ಅಂಕಿ ಬತ್ತದೆ. ಬಸ್ಸಿನ ನಂಬ್ರು, ಪೋನ್ ನಂಬ್ರು, ತಾರೀಕು. ಇನ್ನೇನ್ ಬೇಕು?"

ಬಸ್ಸಿನಲ್ಲಿ ವಾಪಸು ಬರುವಾಗ ನಾನು ನನ್ನ ಪಟ್ಟಿ ಮುಂದಿಟ್ಟೆ. ನಮ್ಮ ಸೈಟು ನಿಂತಿರುವುದು ಒಂದು ಸಿದ್ಧ ಚೌಕಟ್ಟಿನ ಮೇಲೆ, ಫ್ರೇಮ್‌ವರ್ಕ್ ಅನ್ನುತ್ತೇವೆ. ಅದು ಹೇಗೆ ನಡೆದುಕೊಳ್ಳಬೇಕು ಎಂದು ಹೇಳಲು ಸೆಟ್ಟಿಂಗುಗಳ ಒಂದು ಕಡತವಿರುತ್ತದೆ. ಅದರಲ್ಲಿ ಎಂಟು ಬದಲಾವಣೆ ಮಾಡಬೇಕೆಂದು ನಾನು ಓದಿ ತಿಳಿದಿದ್ದೆ. "ಎಂಟನ್ನೂ ನಾಳೆಯೇ ಹಾಕಿಬಿಡೋಣ ಅಕ್ಕ. ಎಂಟೂ ಒಳ್ಳೇವೇ ಆದ ಮೇಲೆ ಒಟ್ಟಿಗೆ ಹಾಕೋದಕ್ಕೆ ಏನು ಅಡ್ಡಿ?"

ಅಕ್ಕನ ಅಂಗೈ ಮುಂದಿನ ಸೀಟಿನ ಕಂಬಿಯ ಮೇಲಿತ್ತು. ಮಳವಳ್ಳಿ ಬಸ್‌ಸ್ಟ್ಯಾಂಡು ಬಂತು. ಇಳಿಯುವಾಗ ಅಂದರು:

"ಕಬ್ಬಿನ ಗಾಡಿ ಬೋ ತೂಕ ಬತ್ತಾ ಅದೆ ಅಂತ ಇಟ್ಕೊ. ತೂಕ ಕಬ್ಬಿಂದಾ, ಗಾಡೀದಾ?"

"ಖಾಲಿ ಗಾಡಿ ತೂಗಿದರೆ ತಾನೆ ಗೊತ್ತಾಗೋದು?"

"ಅಂಗಾರೆ ಮೊದ್ಲು ಖಾಲಿ ಗಾಡಿ ತೂಗು. ಆಮೇಲ್ ವಾದ."

ಮಾರನೆಯ ದಿನ ಅಕ್ಕ ಹೇಳಿದಂತೆ ಏನೂ ಇಲ್ಲದ ಒಂದು ಪುಟ ಮಾಡಿದೆ. ಹೆಸರಿಲ್ಲ, ದಿನವಿಲ್ಲ, ಚಿತ್ರವಿಲ್ಲ, ಬರೀ ಬಿಳಿ. ಅದನ್ನು ತೆರೆದು ಎಣಿಸಿದೆವು. ಏಳು! ಕಬ್ಬೇ ಇಲ್ಲದ ಗಾಡಿ ಅಷ್ಟು ತೂಗುತ್ತಿತ್ತು. ನಾನು ಹಾಕಿಕೊಂಡಿದ್ದ ಎಂಟು ಬದಲಾವಣೆಗಳಲ್ಲಿ ಆರು ಕಬ್ಬಿಗೆ ಸಂಬಂಧಿಸಿದವು. ಗಾಡಿಯ ಕಡೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಹುಡುಕಿದರೆ, ಸೈಟು ಕಟ್ಟುವಾಗ ಬಳಸುವ ಒಂದು ಸೆಟ್ಟಿಂಗು ಹಾಗೇ ಉಳಿದಿತ್ತು. ಅದು ಇದ್ದರೆ ಫ್ರೇಮ್‌ವರ್ಕು ತಾನು ಮಾಡುವ ಪ್ರತಿಯೊಂದು ಕೆಲಸವನ್ನೂ ಬರೆದಿಟ್ಟುಕೊಳ್ಳುತ್ತ ಹೋಗುತ್ತದೆ, ಎಲ್ಲಾದರೂ ತಪ್ಪಿದರೆ ಕಟ್ಟುವವರಿಗೆ ಗೊತ್ತಾಗಲಿ ಎಂದು. ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ನೆಂಟರನ್ನು ಕರೆದಾಗಿತ್ತು. ಸಾರವೆ ಮಾತ್ರ ಬಿಚ್ಚಿರಲಿಲ್ಲ. ಬಿಚ್ಚಿದೆವು. ಏಳು ಇದ್ದದ್ದು ಎರಡಕ್ಕೆ ಬಂತು. ಇದನ್ನು ಬಿಚ್ಚಲು ಮರೆತದ್ದು ಯಾರು ಎಂಬ ಚರ್ಚೆ ಶುರುವಾಗುತ್ತಿದ್ದಂತೆ ಮಾಲೀಕರಿಗೆ ಯಾವುದೋ ಫೋನು ಬಂದು ಹೊರಗೆ ಹೋದರು.

ಅಲ್ಲಿಂದ ಮುಂದೆ ಅಕ್ಕನ ಪದ್ಧತಿ: ದಿನಕ್ಕೆ ಒಂದೇ ಬದಲಾವಣೆ. ಬದಲಾಯಿಸು, ತೂಗು, ಬರೆದಿಡು, ಮನೆಗೆ ಹೋಗು. ನಾನು ದಿನವೂ ಜಗಳ ಆಡಿದೆ. "ಎಂಟು ಮೂಟೆ ಒಟ್ಗೇ ಇಳ್ಸುದ್ರೆ ಯಾವ್ದ್ರಲ್ಲಿ ಕಲ್ಲಿತ್ತು ಅಂತ ಎಂಗ್ ಗೊತ್ತಾದಾತು?" ಎಂದು ಅವರೂ ದಿನವೂ ಅದನ್ನೇ ಹೇಳಿದರು. ಇದು ತರ್ಕವಲ್ಲ, ಉಪಮೆ, ಎಂದೆ. "ಆಯ್ತು, ಉಪ್ಮೆ. ತಿನ್ನು" ಅಂದರು.

ಚಿಕ್ಕ ಚಿಕ್ಕ ಕೆಲಸಗಳು. ನಾಲ್ಕು ತುಂಡು ಹೊಲವಿರುವ ರೈತರ ಪುಟ ತೆರೆಯಲು ಸೈಟು ಮಾಹಿತಿ ಸಂಗ್ರಹಕ್ಕೆ ಐದು ಸಲ ಹೋಗಿ ಬರುತ್ತಿತ್ತು. "ಅಂಗ್ಡಿಗೆ ಒಂದ್ಸಲ ಓಗಿ ಎಲ್ಲಾ ತಗಂಬಾ ಅನ್ನದ ಬುಟ್ಟು, ಸಕ್ರೆಗೊಂದ್ಸಲ ಟೀಪುಡಿಗೊಂದ್ಸಲ ಕಳಿಸ್ತಾ ಇದೀವಲ್ಲಮ್ಮಿ" ಎಂದು ಅದನ್ನು ಒಂದೇ ಸಲ ಹೋಗುವಂತೆ ತಿದ್ದಿಸಿದರು. ಪ್ರತಿ ಪುಟದ ತಲೆಯ ಮೇಲೆ ಕಾರ್ಖಾನೆಯ ಅಧ್ಯಕ್ಷರು ಹಾರ ಹಾಕಿಸಿಕೊಂಡಿರುವ ಫೋಟೋ ಇತ್ತು. ಒಳ್ಳೆಯ ಕ್ಯಾಮೆರಾದ್ದು, ಹಾರದ ಒಂದೊಂದು ಸೇವಂತಿಗೆ ಎಸಳೂ ಎಣಿಸುವಂತಿತ್ತು. ಇಡೀ ಪುಟಕ್ಕಿಂತ ಅದರದ್ದೇ ಭಾರ ಹೆಚ್ಚು. ತೆಗೆಯೋಣ ಎಂದೆ. ಮಾಲೀಕರು ಎರಡೂ ಕೈ ಎತ್ತಿದರು: "ಅವರನ್ನ ನಾವು ತೆಗೆದ್ರೆ ನಮ್ಮನ್ನ ಅವರು ತೆಗೀತಾರೆ." ಅಕ್ಕ ಅಂದರು, "ಸಾಯೇಬ್ರು ಅಂಗೇ ಇರ್ಲಿ, ತೂಕ ಇಳ್ಸು." ಫೋಟೋ ಇದ್ದ ಜಾಗದಲ್ಲೇ ಇತ್ತು, ಭಾರ ಇಪ್ಪತ್ತರಲ್ಲಿ ಒಂದು ಪಾಲಾಯಿತು. ಸೇವಂತಿಗೆ ಸ್ವಲ್ಪ ಮಸುಕಾಯಿತು. ಅಧ್ಯಕ್ಷರು ಗಮನಿಸಲಿಲ್ಲ.

ಒಮ್ಮೆ ಮಾತ್ರ ನನ್ನ ಹಟಕ್ಕೆ ಬಿಟ್ಟರು. ಒಂದೇ ಹೊತ್ತಿಗೆ ಎಷ್ಟು ಜನರ ಕೋರಿಕೆಗೆ ಕೈ ಹಾಕಬೇಕು ಎಂದು ಫ್ರೇಮ್‌ವರ್ಕಿಗೆ ಹೇಳಬಹುದು. ನಾನು ಅದನ್ನು ಆರು ಪಟ್ಟು ಏರಿಸಬೇಕೆಂದೆ. ಕೈ ಹೆಚ್ಚಿದ್ದಷ್ಟೂ ಕೆಲಸ ಬೇಗ, ಅಷ್ಟೆ. ಅಕ್ಕ, "ಆಕು, ನೋಡವ" ಅಂದರು. ಹಾಕಿದೆ. ಸೈಟು ಇನ್ನೂ ನಿಧಾನವಾಯಿತು. ನಮ್ಮ ಬಾಡಿಗೆಯ ಸರ್ವರು ಚಿಕ್ಕದು. ಆರು ಪಟ್ಟು ಕೈಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಅಕ್ಕ ನಗಲಿಲ್ಲ. "ಒಂದ್ ಕಣ್ಣಿನ್ ಒಲೆ ಮ್ಯಾಲೆ ಆರ್ ಮಡ್ಕೆ ಮಡಗುದ್ರೆ ಒಂದೂ ಬೇಯಾಕಿಲ್ಲ" ಎಂದು ಹೇಳಿ, ಆ ದಿನದ ಪುಟದಲ್ಲಿ ನನ್ನ ಸೋಲನ್ನು ನನ್ನ ಕೈಯಲ್ಲೇ ಬರೆಸಿದರು.

ಒಂಬತ್ತು ವಾರಗಳಲ್ಲಿ ಹತ್ತೊಂಬತ್ತು ಇದ್ದದ್ದು ಐದಕ್ಕೆ ಇಳಿದಿತ್ತು. ಬೆಳಕವಾಡಿಯ ಅದೇ ಬೆಂಚಿನ ಮೇಲೆ, ಅದೇ ಒಡೆದ ಫೋನಿನಲ್ಲಿ ಅಳೆದದ್ದು. ನನಗೆ ಐದು ಸಾಲದು. ನನಗೆ ಗೆಲ್ಲಬೇಕಿತ್ತು.

ಫ್ರೇಮ್‌ವರ್ಕಿನಲ್ಲಿ ಇನ್ನೊಂದು ಸೌಲಭ್ಯವಿತ್ತು. ಒಮ್ಮೆ ತಯಾರಿಸಿದ ಪುಟವನ್ನು ಎತ್ತಿಟ್ಟುಕೊಂಡು, ಮುಂದೆ ಕೇಳಿದವರಿಗೆಲ್ಲ ಅದನ್ನೇ ಕೊಡುವುದು. ಒಂದು ಸಾಲು ಬರೆದರೆ ಸಾಕು. ಪಟ್ಟಿ ಬಿಡುವುದು ಸೋಮವಾರ. ಭಾನುವಾರ ಮಧ್ಯಾಹ್ನ ಶಿವಪುರದ ನಮ್ಮ ಮನೆಯ ಜಗುಲಿಯಲ್ಲಿ ಕೂತು ಆ ಸಾಲು ಸೇರಿಸಿದೆ. ಪರೀಕ್ಷೆಗೆಂದು ನನಗಿದ್ದ ಒಂದು ನಂಬರನ್ನು ಒತ್ತಿದೆ. 'ಲಾಭ' ಎಂದು ಬಾಯಿ ಮುಚ್ಚುವುದರೊಳಗೆ ಪುಟ ಬಂತು. ಮತ್ತೆ ಒತ್ತಿದೆ, ಬಂತು. ಹತ್ತು ಸಲ ಒತ್ತಿದೆ. ಅಕ್ಕನಿಗೆ ಹೇಳಲಿಲ್ಲ. ಎಲ್ಲರ ಮುಂದೆ ಸೋಮವಾರ ಅದೇ ಹೇಳಲಿ ಎಂದುಕೊಂಡೆ.

ಹೇಳಿತು. ಹತ್ತು ಗಂಟೆಗೆ ಸೈಟು ನಿಜಕ್ಕೂ ಕುದುರೆಯಂತೆ ಓಡಿತು. ಕಬ್ಬಿನ ಅಧಿಕಾರಿಯೇ ಫೋನು ಮಾಡಿ ಶಹಬ್ಬಾಸ್ ಅಂದರು. ಮಾಲೀಕರು ಕೆಳಗಿನ ಬೇಕರಿಯಿಂದ ಖಾರಾಬನ್ನು ತರಿಸಿದರು. ಹತ್ತೂ ಇಪ್ಪತ್ತಕ್ಕೆ ಆಫೀಸಿನ ಫೋನು ಬಡಿದುಕೊಂಡಿತು. ಅಕ್ಕ ಎತ್ತಿಕೊಂಡರು. ಆ ಕಡೆಯ ಗಂಟಲು ಇಡೀ ಕೋಣೆಗೆ ಕೇಳುತ್ತಿತ್ತು.

"ತೂಕದಕ್ಕಾವ್ರೇ, ನಂಗೆ ಪುಟ್ಟಸ್ವಾಮಿ ಅಂತ ಯಾವಾಗ ನಾಮಕರಣ ಮಾಡುದ್ರಿ?"

"ಯಾಕಪ್ಪ?"

"ಪೋನಲ್ಲಿ ಅಂಗೇ ಬತ್ತಾ ಅದೆ. ನಾನೂ ಪುಟ್ಟಸ್ವಾಮಿ, ನನ್ ಬಾವ್ಮೈದನೂ ಪುಟ್ಟಸ್ವಾಮಿ, ಇಲ್ಲಿ ಸೆಲೂನ್ ಮುಂದೆ ಕುಂತಿರೋ ಏಳ್ ಜನನೂ ಪುಟ್ಟಸ್ವಾಮಿನೇ! ಎಲ್ರುಗೂ ನಾಳೆನೇ ಕಟಾವಂತೆ!"

ಹತ್ತು ಗಂಟೆಗೆ ಹೊಸ ಪಟ್ಟಿ ಏರಿಸಿದಾಗ ನನ್ನ ಭಾನುವಾರದ ಪುಟ ಅಳಿಸಿಹೋಗಿತ್ತು; ಆಮೇಲೆ ಎಲ್ಲರಿಗಿಂತ ಮೊದಲು ಒತ್ತಿದ ಪುಣ್ಯಾತ್ಮ ಪುಟ್ಟಸ್ವಾಮಿ. ಅವರ ಪುಟವನ್ನು ಎತ್ತಿಟ್ಟುಕೊಂಡ ಸೈಟು, ನಾನು ಹೇಳಿಕೊಟ್ಟ ಹಾಗೆಯೇ, ಇಡೀ ತಾಲ್ಲೂಕಿಗೆ ಅದನ್ನೇ ಹಂಚುತ್ತಿತ್ತು.

ಅಕ್ಕ ಪರದೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಅಂಗೈ ಮೇಜಿನ ಮೇಲಿತ್ತು.

"ಅಮ್ಮಿ, ಎಷ್ಟು ಗಾಡಿ ತೂಗ್ದೆ?"

"ಒಂದೇ. ನನ್ನ ನಂಬರು."

"ಊಂ."

ಕುರ್ಚಿ ಎಳೆದುಕೊಂಡರು, ಸಾಲು ಹುಡುಕಿದರು, ಅಳಿಸಿದರು. ಐದೂ ಜನ ಭಾಷಣಕಾರರು ಕಂಡದ್ದು ಇಷ್ಟನ್ನೇ. ಎತ್ತಿಟ್ಟಿದ್ದ ಪುಟ ಖಾಲಿಯಾಯಿತು, ಎಲ್ಲರೂ ಅವರವರ ಹೆಸರಿಗೆ ಮರಳಿದರು. ಸೈಟು ಮತ್ತೆ ಐದು ಎಣಿಕೆಯ ನಿಧಾನಕ್ಕೆ ಬಂತು. ಆದರೆ ಬೀಳಲಿಲ್ಲ. ಹನ್ನೊಂದಕ್ಕೆ ಬೀಳಲಿಲ್ಲ, ಹನ್ನೆರಡಕ್ಕೂ ಬೀಳಲಿಲ್ಲ. ಅದನ್ನು ನಿಲ್ಲಿಸಿದ್ದು ಒಂದು ಸಾಲಲ್ಲ. ಒಂಬತ್ತು ವಾರ ದಿನಕ್ಕೊಂದರಂತೆ ನಾನು ಬೈದುಕೊಳ್ಳುತ್ತ ಮಾಡಿದ ಆ ಸಪ್ಪೆ ಕೆಲಸಗಳು.

"ಗೆದ್ದೆವಲ್ಲ ಅಕ್ಕ, ಗೋಡೆ ಕಥೆ ಮುಗೀತು" ಅಂದೆ, ಮುಖ ಉಳಿಸಿಕೊಳ್ಳಲು.

"ಆ ಇಪ್ಪತ್ ನಿಮ್ಸದಲ್ಲಿ ಯಾರ್ಯಾರು ನೋಡವ್ರೆ, ನಂಬ್ರು ತೆಗಿ. ಒಬ್ಬೊಬ್ರುಗೂ ಪೋನ್ ಮಾಡು. ಎಸ್ರು ನೋಡಾಕಿಲ್ಲ ನಮ್ ಜನ, ತಾರೀಕ್ ನೋಡ್ತರೆ."

ಸಂಜೆಯ ತನಕ ಎಲ್ಲರೂ ಫೋನು ಮಾಡಿದೆವು. ಬಹಳ ಜನ ನಕ್ಕರು. ಒಬ್ಬರು, "ಪುಟ್ಟಸ್ವಾಮಿಗಳ ಸಂಘ ಮಾಡವ ಬುಡವ್ವ" ಅಂದರು. ಒಂದು ಫೋನು ಮಾತ್ರ ಸ್ವಿಚ್ ಆಫ್ ಆಗಿಯೇ ಇತ್ತು. ಅದು ಚಿಕ್ಕತಾಯಮ್ಮನದು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆವು. ಹೊಲದ ಬದುವಿನಲ್ಲಿ ನಿಂತೇ ಗೊತ್ತಾಯಿತು. ಪಕ್ಕದ ಹೊಲದಲ್ಲಿದ್ದ ಕಡಿಯುವ ಆಳುಗಳನ್ನು ಚಿಕ್ಕತಾಯಮ್ಮ ನಸುಕಿಗೇ ತಮ್ಮ ಹೊಲಕ್ಕೆ ಇಳಿಸಿಕೊಂಡಿದ್ದರು. ಅರ್ಧ ಎಕರೆ ನೆಲಕ್ಕೆ ಮಲಗಿತ್ತು.

"ಬನ್ರವ್ವಾ, ಬನ್ನಿ! ಈ ಸಲ ಇಡೀ ಬೆಳಕವಾಡೀಗೆ ನಂದೇ ಮೊದ್ಲು!" ಅಂದರು. ಮುಖದಲ್ಲಿ ಅಂಥ ಹಿಗ್ಗನ್ನು ನಾನು ಶೀಲ್ಡು ಗೆದ್ದವರಲ್ಲೂ ಕಂಡಿಲ್ಲ.

ಅಕ್ಕ ಸುತ್ತಿ ಬಳಸಿ ಹೇಳಲಿಲ್ಲ. "ತಾಯಮ್ಮ, ಆ ದಿನ ನಿಂದಲ್ಲ ಕಣೆ. ಬ್ಯಾರೆಯೋರ್ದು. ನಮ್ ಸೈಟು ತಪ್ಪು ತೋರಿಸ್ತು. ನಿಂದು ಬರೋ ವಾರದ ಗುರ್ವಾರ."

ಚಿಕ್ಕತಾಯಮ್ಮ ಕಬ್ಬಿನ ಕಡೆ ನೋಡಿದರು. "ಗುರ್ವಾರ ಗಂಟ ಇದ ತಿರ್ಗ ನಿಲ್ಸಕಾದದಾ?"

ಕಡಿದ ಕಬ್ಬು ದಿನದಿನಕ್ಕೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಒಂಬತ್ತು ದಿನ ಬಿಟ್ಟರೆ ಕಾರ್ಖಾನೆ ಮುಟ್ಟುವುದಿಲ್ಲ. ಅಕ್ಕ 'ಈ ಹುಡುಗಿ ಮಾಡಿದ್ದು' ಎಂದು ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ನಾನೇ ಹೇಳಿದೆ.

"ತಪ್ಪು ನಂದು, ಅಮ್ಮ. ಯಾರನ್ನೂ ಕೇಳದೆ ಮಾಡಿದೆ."

ಚಿಕ್ಕತಾಯಮ್ಮ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಮಾತಾಡಕ್ ಚೆಂದಾಗ್ ಬತ್ತದಂತಲ್ಲ ನಿಂಗೆ? ಓಗು, ಮಾತಾಡಿ ಟ್ರಾಕ್ಟ್ರು ತಕಂಬಾ."

ಕಾರ್ಖಾನೆಗೆ ಹೋದೆವು. ನಾನು ಅಧಿಕಾರಿಯ ಮುಂದೆ ನಿಂತು ನನ್ನ ಜೀವನದ ಅತ್ಯುತ್ತಮ ಭಾಷಣ ಮಾಡಿದೆ. ತಪ್ಪು ಬೆಳೆಗಾರರದ್ದಲ್ಲ, ತಪ್ಪಿಲ್ಲದವರಿಗೆ ನಷ್ಟವಾಗಬಾರದು, ಒಬ್ಬರ ಅರ್ಧ ಎಕರೆಯಿಂದ ಕಾರ್ಖಾನೆಯ ಸರದಿ ಕೆಡುವುದಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಲ್ಲಾ ಸರಿ ತಾಯಿ. ಸರದಿ ಮೀರಿ ಒಂದು ಗಾಡೀನೂ ಒಳಗೆ ಬಿಡಕೂಡದು ಅಂತ ನಿಮ್ಮಕ್ಕನೇ ಕಂಪ್ಯೂಟರಿಗೆ ಬರೆದವ್ರಲ್ಲ? ನಾನು ಒತ್ತಿದ್ರೂ ಅದು ಚೀಟಿ ಕೊಡಲ್ಲ" ಅಂದರು.

ಅದು ನಿಜವಾಗಿತ್ತು.

ಅಕ್ಕ ಮುಂದಕ್ಕೆ ಬಂದರು. ಅಧಿಕಾರಿಯ ಮೇಜಿನ ಮೇಲೂ ಅದೇ ಅಂಗೈ. "ಸರದಿ ಮುರೀಬ್ಯಾಡಿ ಸಾರ್. ಅದ್ಲು ಬದ್ಲು ಮಾಡಿ. ಬುದ್ವಾರದ ದಿನ ಇರೋರು ಒಬ್ರು ಒಪ್ಪಿ, ತಾಯಮ್ಮನ ಗುರ್ವಾರ ತಗೊಂಡ್ರೆ ಕಂಪ್ಯೂಟ್ರೂ ಒಪ್ತದೆ."

"ಯಾರಕ್ಕ ಒಪ್ತಾರೆ? ಬುಧವಾರ ಬಿಟ್ಟು ಮುಂದಿನ ವಾರಕ್ಕೆ ಹೋಗೋ ಪುಣ್ಯಾತ್ಮರು ಯಾರಿದಾರೆ?"

"ಅವ್ರೆ. ಅರ್ಜಿ ಕೊಡಿ." ಆಮೇಲೆ ನನ್ನ ಕಡೆ ತಿರುಗಿ, "ನೀನೋಗಿ ತಾಯಮ್ಮನ ಆಧಾರು ಜೆರಾಕ್ಸ್ ಮಾಡ್ಸ್ಕಂಬಾ" ಅಂದರು. ನಾನು ಬರುವ ಹೊತ್ತಿಗೆ ಸಹಿಯಾದ ಅರ್ಜಿ ಫೈಲಿನೊಳಗೆ ಹೋಗಿತ್ತು.

ಬುಧವಾರ ಹತ್ತೂವರೆಗೆ ಆಫೀಸಿಗೆ ಚಿಕ್ಕತಾಯಮ್ಮನ ಫೋನು ಬಂತು. ಟ್ರಾಕ್ಟರಿನ ಸದ್ದಿನ ಮೇಲೆ ಕೂಗುತ್ತಿದ್ದರು: "ಬಂತು ಕಣವ್ವಾ! ಆ ವಾದದ ಉಡ್ಗೀಗೂ ಯೋಳು! ಎಲ್ಡ್ ಜಲ್ಲೆ ಎತ್ತಿಟ್ಟಿವ್ನಿ, ಬಂದ್ ತಕಂಡೋಗ್ಲಿ!"

ಫೋನು ಇಟ್ಟು ಅರ್ಧ ಗಂಟೆಯಾಗಿಲ್ಲ, ಮೆಟ್ಟಿಲ ಮೇಲೆ ದಡದಡ ಸದ್ದು. ಬಂದವರು ಅಕ್ಕನ ತಮ್ಮ. ಮಳವಳ್ಳಿ ಹತ್ತಿರದ ಅವರೂರಿನಲ್ಲಿ ಮನೆಯ ಬೇಸಾಯ ನೋಡಿಕೊಳ್ಳುವವರು. ಹೆಗಲ ಮೇಲಿನ ಟವೆಲನ್ನು ಜಾಡಿಸಿದ ರಭಸಕ್ಕೆ ನನ್ನ ಮೇಜಿನ ಕಾಗದ ಹಾರಿದವು.

"ಅಕ್ಕಾ, ನಿನ್ನೆ ಮಧ್ಯಾನದ್ ಗಂಟ ನನ್ ಕಟಾವು ಬುದ್ವಾರ ಅಂತಿತ್ತು. ಸಂಜೀಗೆ ನೋಡುದ್ರೆ ಬರೋ ಗುರ್ವಾರ! ಆ ಪೀಲ್ಡ್‌ಮನ್ ಬಡ್ಡೀಮಗಂದೇ ಕೆಲ್ಸ ಇದು! ಆಳ್ಗುಳ್ಗೆ ಬಾಡೂಟಕ್ಕೆ ಅಂತ ನಾಟಿ ಕೋಳಿ ತಂದ್ ಕಟ್ಟಾಕಿವ್ನಿ, ಎಂಟ್ ದಿನ ಅದುಕ್ಕೆ ನಾನ್ ಸೇವೆ ಮಾಡ್ಲಾ?"

ಅಕ್ಕ ತಲೆ ಎತ್ತಲಿಲ್ಲ. "ಪಟ್ಟೀಲಿ ಏನದೊ ಅದೇ ಕಣ್ಲಾ. ಕೋಳಿಗೆ ಒಂದಿಡಿ ರಾಗಿ ಆಕು, ಓಗು."

"ನೀನ್ ಮಾಡಿರೋ ಸೈಟಲ್ವೇನಕ್ಕ ಇದು? ನಂಗೇ ಇಂಗಾದ್ರೆ ಎಂಗೆ?"

"ನಾನ್ ಮಾಡಿರದ್ಕೇ ನಿಂಗೆ ಅಂತ ಬ್ಯಾರೆ ಬಾಗ್ಲಿಲ್ಲ. ಬುಡು, ಬಸ್ಸೋಯ್ತದೆ."

ಅವರು ಫೀಲ್ಡ್‌ಮನ್‌ನ ಮೂರು ತಲೆಮಾರನ್ನು ಬಯ್ದುಕೊಂಡು ಇಳಿದು ಹೋದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನನಗೆ ಬೇರೇನೂ ಹೊಳೆಯಲಿಲ್ಲ.

ಪಟ್ಟಿ ಗೋಡೆಗೆ ಮರಳಲಿಲ್ಲ. ಈಗಲೂ ಫೋನಿನಲ್ಲೇ ಬರುತ್ತದೆ, ಈಗಲೂ ನಾಲ್ಕೈದು ಎಣಿಕೆಗೆ ತೆರೆಯುತ್ತದೆ. ನನ್ನ ಸಾಲಿನ ವಿಷಯವನ್ನು ಅಕ್ಕ ಮತ್ತೆಂದೂ ಎತ್ತಲಿಲ್ಲ. ಪುಟ ಎತ್ತಿಡುವ ಸೌಲಭ್ಯವನ್ನು ಮಾತ್ರ ನನ್ನಿಂದಲೇ ಸರಿಯಾಗಿ ಮಾಡಿಸಿದರು: ಎಲ್ಲರಿಗೂ ಒಂದೇ ಆಗಿರುವ ಭಾಗ, ಅಧ್ಯಕ್ಷರು ಮತ್ತು ಅವರ ಸೇವಂತಿಗೆ, ಎತ್ತಿಡು, ಹೆಸರು ಮತ್ತು ದಿನ ಯಾವತ್ತೂ ಎತ್ತಿಡಬೇಡ. ಪರೀಕ್ಷೆ ಮಾಡುವಾಗ ಕನಿಷ್ಠ ಇಬ್ಬರ ನಂಬರು ಒತ್ತಬೇಕು. ನಾನೀಗ ಹೊಸಬರಿಗೆ ಇದನ್ನು ಹೇಳಿಕೊಡುತ್ತೇನೆ. ಅವರು ನನ್ನ ಜೊತೆ ವಾದಕ್ಕೆ ನಿಲ್ಲುತ್ತಾರೆ. ಸರಿಯಾದ ಶಿಕ್ಷೆ.

ಇದು ನಡೆದು ಮೂರು ವರ್ಷ. ಕಳೆದ ತಿಂಗಳು ಅಕ್ಕ ನಿವೃತ್ತರಾದರು. ತಮ್ಮ ಕಡತಗಳನ್ನೆಲ್ಲ ನನಗೆ ವಹಿಸಿಕೊಟ್ಟರು. ಅವುಗಳಲ್ಲಿ ಆ ಬುಧವಾರದ ಅದಲು ಬದಲಿನ ದಾಖಲೆಯೂ ಇತ್ತು. ದಿನ ಬಿಟ್ಟುಕೊಟ್ಟ ಬೆಳೆಗಾರರ ಹೆಸರಿದ್ದಲ್ಲಿ ಅಕ್ಕನ ಹೆಸರೇ ಇತ್ತು. ತಂದೆಯ ಹೊಲ ಅಕ್ಕನ ಹೆಸರಿಗೆ ಬಂದದ್ದು. ಉತ್ತು ಬಿತ್ತಿ ನೀರು ಕಟ್ಟುವವರು ತಮ್ಮ. ಕೋಳಿ ಎಂಟು ದಿನ ರಾಗಿ ತಿಂದದ್ದು ಯಾಕೆಂದು ನನಗೆ ಗೊತ್ತಾದದ್ದು ಮೂರು ವರ್ಷಗಳ ಮೇಲೆ. ತಮ್ಮನಿಗೆ ಈಗಲೂ ಗೊತ್ತಿಲ್ಲ. ಬೀಳ್ಕೊಡುಗೆಯ ಊಟದಲ್ಲಿ ನನ್ನ ಪಕ್ಕವೇ ಕೂತಿದ್ದ ಅವರು, ಅಷ್ಟು ಹೊತ್ತೂ ಆ ಫೀಲ್ಡ್‌ಮನ್‌ನ ದ್ರೋಹವನ್ನೇ ವರ್ಣಿಸಿದರು. ಆವತ್ತಿನಿಂದ ತಮಗೂ ಅವನಿಗೂ ಮಾತೇ ಇಲ್ಲವಂತೆ.

ಊಟವಾದ ಮೇಲೆ ಅಕ್ಕನ ಹಾರ, ಶಾಲು, ಗೋಡೆ ಗಡಿಯಾರ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದೆ. ಮಳವಳ್ಳಿ ಬಸ್ಸು ತುಂಬಿತ್ತು. ಅಕ್ಕನ ತಮ್ಮ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದು, ಅದರ ಮೇಲೆ ಕೂತಿದ್ದವರೊಂದಿಗೆ ಜಗಳ ಆಡುತ್ತಿದ್ದರು. ನನಗೆ ಸಿಕ್ಕಿದ್ದು ಅಷ್ಟೇ ಹೊತ್ತು.

"ಅಕ್ಕ, ಆ ಬುಧವಾರದ ಕಾಗದ ನೋಡಿದೆ" ಅಂದೆ.

ಅಕ್ಕ ನನ್ನ ಕೈಯಲ್ಲಿದ್ದ ಗಡಿಯಾರದ ಪೆಟ್ಟಿಗೆಯ ಮೇಲೆ ಅಂಗೈ ಊರಿದರು.

"ಸಹಿ ನಿಮ್ಮದು, ಸರಿ. ಹೊಲಾನೂ ನಿಮ್ಮ ಹೆಸರಲ್ಲಿದೆ, ಒಪ್ಪಿದೆ. ಬೆಳೆ ತೆಗೆದವರು ಅವರು. ಯಾರ ಸರದೀನೂ ಅವರಿಗೆ ತಿಳೀದ ಹಾಗೆ ಹಿಂದಕ್ಕೆ ಹೋಗಬಾರದು ಅಂತ ತಾನೆ ನಾವು ಆ ಸೈಟು ಮಾಡಿದ್ದು? ತಮ್ಮನನ್ನ ಒಂದು ಮಾತು ಕೇಳಬೇಕು ಅಂತ ಆವತ್ತು ನಿಮಗೆ ಯಾಕಕ್ಕ ಅನ್ನಿಸಲಿಲ್ಲ?"